ಒಂದೇ ಕಂಪ್ಯೂಟರ್, ನಾಲ್ಕು ಮೇಜು: ಅಂಗಡಿ ಲೆಕ್ಕ, ಮಕ್ಕಳ ಓದು ಬೇರೆ ಬೇರೆ ಇಡೋದು ಹೇಗೆ?

ಅಂಗಡಿ ಶಟರ್ ಎಳೆದು, ಮನೆಗೆ ಬಂದು, ಊಟ ಮುಗಿಸಿ ಕಂಪ್ಯೂಟರ್ ಮುಂದೆ ಕೂರೋ ಹೊತ್ತಿಗೆ ರಾತ್ರಿ ಒಂಬತ್ತೂವರೆ. ನಾಳೆ 20ನೇ ತಾರೀಕು. ತಿಂಗಳ ಜಿಎಸ್‌ಟಿಆರ್-3ಬಿ ರಿಟರ್ನ್ ಹಾಕೋಕೆ ಕೊನೇ ದಿನ. ಸ್ಕ್ರೀನ್ ನೋಡಿದ್ರೆ ಕಾಲಿಡೋಕೂ ಜಾಗ ಇಲ್ಲ. ಮಗನ ಸಿಇಟಿ ಅರ್ಜಿ ಅರ್ಧಕ್ಕೆ ನಿಂತಿದೆ, ಮಗಳ ಪ್ರಾಜೆಕ್ಟ್ ವರ್ಡ್ ಫೈಲ್ ತೆರೆದಿದೆ, ಹೆಂಡತಿಯ ಸ್ತ್ರೀಶಕ್ತಿ ಸಂಘದ ಎಕ್ಸೆಲ್ ಲೆಕ್ಕ ಇದೆ, ಹಿಂದೆ ಎಲ್ಲೋ ಒಂದು ಕಡೆ ಯೂಟ್ಯೂಬ್ ಹಾಡು ಬೇರೆ ಕೇಳಿಸ್ತಿದೆ. ಟ್ಯಾಲಿ ಎಲ್ಲಿದೆ ಅಂತ ಹುಡುಕೋದೇ ಒಂದು ಕೆಲಸ.

ಸಿಟ್ಟು ಬಂದು ಯಜಮಾನರು ಒಂದೊಂದೇ ಕ್ಲೋಸ್ ಮಾಡ್ತಾ ಹೋಗ್ತಾರೆ. ನಡುವೆ ಒಂದು ಪ್ರಶ್ನೆ ಬರುತ್ತೆ, ಸೇವ್ ಮಾಡ್ಬೇಕಾ ಬೇಡ್ವಾ ಅಂತ. ಓದೋ ತಾಳ್ಮೆ ಇಲ್ಲ, ಬೇಡ ಅಂತ ಒತ್ತಿ ಮುಂದೆ ಹೋಗ್ತಾರೆ. ಬೆಳಗ್ಗೆ ಮಗಳು ನೋಡಿದ್ರೆ ಮೂರು ಗಂಟೆ ಕೂತು ಟೈಪ್ ಮಾಡಿದ್ದು ಮಾಯ. ಮನೆಯಲ್ಲಿ ಜಗಳ ಶುರು.

ಮನೆಗೊಂದೇ ಕಂಪ್ಯೂಟರ್ ಇರೋ ಎಷ್ಟೋ ಅಂಗಡಿಯವರ ಮನೆಗಳಲ್ಲಿ ಇಂಥದ್ದು ನಡೀತಾನೇ ಇರುತ್ತೆ. ಇನ್ನೊಂದು ಕಂಪ್ಯೂಟರ್ ತರೋಣ ಅಂದ್ರೆ ಸಾವಿರಾರು ರೂಪಾಯಿ ಖರ್ಚು. ಆದರೆ ವಿಂಡೋಸ್ 10 ಅಥವಾ 11 ಇರೋ ಯಾವುದೇ ಕಂಪ್ಯೂಟರ್‌ನಲ್ಲಿ ಒಂದು ಪೈಸೆ ಖರ್ಚಿಲ್ಲದೆ ಈ ಗಲಾಟೆ ಅರ್ಧ ಕಡಿಮೆ ಮಾಡೋ ದಾರಿ ಒಳಗೇ ಇದೆ. ಅದರ ಹೆಸರು ವರ್ಚುವಲ್ ಡೆಸ್ಕ್‌ಟಾಪ್.

ಅರ್ಧ ಅಂತ ಹೇಳಿದ್ದಕ್ಕೆ ಕಾರಣ ಇದೆ. ಇದು ಕೆಲಸಗಳನ್ನ ಬೇರೆ ಬೇರೆ ಜೋಡಿಸಿ ಇಡುತ್ತೆ, ಬೀಗ ಹಾಕಲ್ಲ. ಈ ವ್ಯತ್ಯಾಸ ಗೊತ್ತಿಲ್ಲದೆ ಬಳಸಿದ್ರೆ ತೊಂದರೆ. ಎರಡನ್ನೂ ಇಲ್ಲಿ ನೋಡೋಣ.

ಏನಿದು?

ಒಂದೇ ಮೇಜಿನ ಮೇಲೆ ಅಂಗಡಿ ಬಿಲ್ಲು, ಮಗುವಿನ ಪುಸ್ತಕ, ತರಕಾರಿ ಚೀಲ, ಬ್ಯಾಂಕ್ ಪಾಸ್‌ಬುಕ್ ಎಲ್ಲಾ ರಾಶಿ ಹಾಕಿದ್ರೆ ಏನಾಗುತ್ತೆ? ಬೇಕಾದ್ದು ಸಿಗಲ್ಲ, ಬೇಡದ್ದು ಕೈಗೆ ಬರುತ್ತೆ. ಅದೇ ಕೋಣೆಯಲ್ಲಿ ನಾಲ್ಕು ಮೇಜು ಹಾಕಿ, ಒಂದೊಂದಕ್ಕೆ ಒಂದೊಂದು ಕೆಲಸ ಅಂತ ಇಟ್ಟರೆ? ಲೆಕ್ಕ ಬರೆಯುವಾಗ ಲೆಕ್ಕದ ಮೇಜಿಗೆ ಹೋಗ್ತೀರಿ. ಮಗಳ ಪುಸ್ತಕ ಅವಳ ಮೇಜಿನ ಮೇಲೆ ಹೇಗಿತ್ತೋ ಹಾಗೇ ಇರುತ್ತೆ.

ವರ್ಚುವಲ್ ಡೆಸ್ಕ್‌ಟಾಪ್ ಅಂದ್ರೆ ಇಷ್ಟೇ. ಸ್ಕ್ರೀನ್ ಒಂದೇ, ಆದರೆ ಅದರ ಹಿಂದೆ ಎಷ್ಟು ಬೇಕೋ ಅಷ್ಟು ಮೇಜು ಹಾಕ್ಕೋಬಹುದು. ಒಂದು ಹೊತ್ತಿಗೆ ಒಂದು ಮೇಜು ಕಣ್ಣೆದುರು ಇರುತ್ತೆ. ಉಳಿದ ಮೇಜುಗಳ ಮೇಲಿನ ಫೈಲು, ಪ್ರೋಗ್ರಾಂ ಯಾವುದೂ ಮುಚ್ಚಿಹೋಗಲ್ಲ, ಕಣ್ಣಿಗೆ ಕಾಣಲ್ಲ ಅಷ್ಟೇ.

ಇದು ಹೊಸ ಯೋಚನೆಯೇನೂ ಅಲ್ಲ. ಅಮೆರಿಕದ ಜೆರಾಕ್ಸ್ ಕಂಪನಿಯ ಪಾಲೋ ಆಲ್ಟೋ ಸಂಶೋಧನಾ ಕೇಂದ್ರದಲ್ಲಿದ್ದ ಆಸ್ಟಿನ್ ಹೆಂಡರ್ಸನ್ ಮತ್ತು ಸ್ಟುವರ್ಟ್ ಕಾರ್ಡ್ 1986ರಲ್ಲೇ ‘ರೂಮ್ಸ್’ ಅನ್ನೋ ವ್ಯವಸ್ಥೆ ಬಗ್ಗೆ ಬರೆದಿದ್ದರು. ಚಿಕ್ಕ ಸ್ಕ್ರೀನ್ ಮೇಲೆ ಜಾಗಕ್ಕಾಗಿ ವಿಂಡೋಗಳ ನೂಕುನುಗ್ಗಲು ಆಗುತ್ತೆ, ಅದಕ್ಕೆ ಕೆಲಸಕ್ಕೊಂದು ಕೋಣೆ ಮಾಡೋಣ ಅನ್ನೋದು ಅವರ ಲೆಕ್ಕಾಚಾರ. ಲಿನಕ್ಸ್ ಬಳಸೋರಿಗೆ ಇದು ಬಹಳ ವರ್ಷದಿಂದ ಗೊತ್ತು. ಆ್ಯಪಲ್‌ನ ಮ್ಯಾಕ್ ಕಂಪ್ಯೂಟರ್‌ಗಳಿಗೆ 2007ರಲ್ಲಿ ಬಂತು. ವಿಂಡೋಸ್‌ನಲ್ಲಿ ಎಲ್ಲರ ಕಣ್ಣಿಗೆ ಕಾಣೋ ಹಾಗೆ ಬಂದಿದ್ದು 2015ರ ಜುಲೈನಲ್ಲಿ, ವಿಂಡೋಸ್ 10 ಜೊತೆಗೆ. ಅಂದ್ರೆ ಇಷ್ಟು ವರ್ಷದಿಂದ ಮನೆಯ ಕಂಪ್ಯೂಟರ್‌ನಲ್ಲಿ ಇದು ಬಿದ್ದುಕೊಂಡಿದೆ. ಅಕಸ್ಮಾತ್ ಒತ್ತಿದವರು ‘ಇದೇನೋ ಬಂತು’ ಅಂತ ಹೆದರಿ ಮುಚ್ಚಿರೋ ಸಾಧ್ಯತೆಯೇ ಜಾಸ್ತಿ.

ಮೊದಲ ಮೇಜು ಹಾಕೋದು

ಕೀಬೋರ್ಡ್‌ನಲ್ಲಿ ಎಡಗಡೆ ಕೆಳಗೆ ನಾಲ್ಕು ಚೌಕದ ಗುರುತಿರೋ ಕೀ ಇದೆಯಲ್ಲ, ಅದು ವಿಂಡೋಸ್ ಕೀ. ಅದನ್ನ ಹಿಡಿದು ಟ್ಯಾಬ್ ಕೀ ಒತ್ತಿ. ತೆರೆದಿರೋದೆಲ್ಲ ಚಿಕ್ಕ ಚಿಕ್ಕ ಚಿತ್ರಗಳಾಗಿ ಒಂದೇ ಕಡೆ ಕಾಣುತ್ತೆ. ಇದಕ್ಕೆ ಟಾಸ್ಕ್ ವ್ಯೂ ಅಂತಾರೆ. ವಿಂಡೋಸ್ 11ರಲ್ಲಿ ಕೆಳಗಡೆ, ವಿಂಡೋಸ್ 10ರಲ್ಲಿ ಮೇಲ್ಗಡೆ ‘ನ್ಯೂ ಡೆಸ್ಕ್‌ಟಾಪ್’ ಅಂತ ಕೂಡಿಸೋ ಗುರುತಿನ ಜೊತೆ ಇರುತ್ತೆ. ಅದನ್ನ ಒತ್ತಿದ್ರೆ ಎರಡನೇ ಮೇಜು ರೆಡಿ.

ಇದನ್ನೇ ಇನ್ನೂ ಬೇಗ ಮಾಡಬೇಕು ಅಂದ್ರೆ ವಿಂಡೋಸ್, ಕಂಟ್ರೋಲ್, ಡಿ ಮೂರೂ ಕೀ ಒಟ್ಟಿಗೆ ಒತ್ತಿ. ತಕ್ಷಣ ಖಾಲಿ ಸ್ಕ್ರೀನ್ ಬರುತ್ತೆ. ಮೊದಲ ಸಲ ಒತ್ತಿದವರಿಗೆ ಎದೆ ಝಲ್ಲೆನ್ನುತ್ತೆ, ತೆರೆದಿದ್ದ ಕೆಲಸವೆಲ್ಲ ಹೋಯ್ತು ಅಂತ. ಏನೂ ಹೋಗಿಲ್ಲ. ಅದು ಹೊಸ ಮೇಜು, ಹಳೇದು ಪಕ್ಕದಲ್ಲೇ ಇದೆ.

ಹಳೇ ಮೇಜಿಗೆ ವಾಪಸ್ ಹೋಗೋಕೆ ವಿಂಡೋಸ್ ಮತ್ತು ಕಂಟ್ರೋಲ್ ಹಿಡಿದು ಎಡ ಬಾಣದ ಕೀ ಒತ್ತಿ. ಮುಂದಿನ ಮೇಜಿಗೆ ಬಲ ಬಾಣ. ಇಡೀ ವಿಷಯದಲ್ಲಿ ಬಾಯಿಪಾಠ ಮಾಡಬೇಕಾದ್ದು ಇದೊಂದೇ. ಲ್ಯಾಪ್‌ಟಾಪ್ ಇದ್ದವರು ಟಚ್‌ಪ್ಯಾಡ್ ಮೇಲೆ ನಾಲ್ಕು ಬೆರಳಿಟ್ಟು ಪಕ್ಕಕ್ಕೆ ಸರಿಸಿದ್ರೂ ಸಾಕು. ಹಳೇ ಮಾದರಿಯ ಕೆಲವು ಟಚ್‌ಪ್ಯಾಡ್‌ಗಳಲ್ಲಿ ಮಾತ್ರ ಇದು ನಡೆಯಲ್ಲ.

ಒಂದು ಎಚ್ಚರಿಕೆ. ವಿಂಡೋಸ್ ಕೀ ಬದಲು ಆಲ್ಟ್ ಕೀ ಹಿಡಿದು ಕಂಟ್ರೋಲ್ ಮತ್ತು ಬಾಣ ಒತ್ತಿದ್ರೆ ಕೆಲವು ಹಳೇ ಕಂಪ್ಯೂಟರ್‌ಗಳಲ್ಲಿ ಸ್ಕ್ರೀನೇ ಅಡ್ಡ ಅಥವಾ ತಲೆಕೆಳಗಾಗುತ್ತೆ. ಗಾಬರಿ ಬೇಡ. ಕಂಟ್ರೋಲ್, ಆಲ್ಟ್, ಮೇಲಿನ ಬಾಣ ಒತ್ತಿದ್ರೆ ಸರಿಯಾಗುತ್ತೆ. ಹಾಗೇ ವಿಂಡೋಸ್, ಕಂಟ್ರೋಲ್ ಜೊತೆ ಎಂಟರ್ ಒತ್ತಿಬಿಟ್ರೆ ಕಂಪ್ಯೂಟರ್ ಮಾತಾಡೋಕೆ ಶುರು ಮಾಡುತ್ತೆ. ಅದು ಕಣ್ಣು ಕಾಣದವರಿಗಾಗಿ ಇರೋ ಸೌಲಭ್ಯ. ಅದೇ ಮೂರು ಕೀ ಮತ್ತೆ ಒತ್ತಿದ್ರೆ ಸುಮ್ಮನಾಗುತ್ತೆ.

ಯಾವ ಮೇಜಿಗೆ ಯಾವ ಕೆಲಸ?

ಎಷ್ಟು ಬೇಕಾದ್ರೂ ಹಾಕ್ಕೋಬಹುದು ಅಂತ ಹತ್ತು ಹಾಕಿದ್ರೆ ಮತ್ತೆ ಅದೇ ಗೊಂದಲ. ಅಂಗಡಿ ಇರೋ ಒಂದು ಮನೆಗೆ ಮೂರು ಅಥವಾ ನಾಲ್ಕು ಸಾಕು. ಹೀಗೆ ಮಾಡಬಹುದು:

1. ಅಂಗಡಿ: ಟ್ಯಾಲಿ ಅಥವಾ ನೀವು ಬಳಸೋ ಬಿಲ್ಲಿಂಗ್ ಸಾಫ್ಟ್‌ವೇರ್, ಸ್ಟಾಕ್ ಬರೆದಿಟ್ಟ ಎಕ್ಸೆಲ್, ಕ್ಯಾಲ್ಕುಲೇಟರ್.

2. ಸರ್ಕಾರಿ ಕೆಲಸ ಮತ್ತು ಬ್ಯಾಂಕ್: ಜಿಎಸ್‌ಟಿ ಪೋರ್ಟಲ್, ನೆಟ್ ಬ್ಯಾಂಕಿಂಗ್, ಸೇವಾ ಸಿಂಧು ಅರ್ಜಿ, ಪಹಣಿ ನೋಡೋ ಭೂಮಿ ವೆಬ್‌ಸೈಟ್. ಕೆಲಸ ಇದ್ದಾಗ ತೆರೆಯೋದು, ಮುಗಿದ ಕೂಡಲೇ ಲಾಗೌಟ್ ಆಗಿ ಮುಚ್ಚೋದು.

3. ಓದು: ಮಕ್ಕಳ ವರ್ಡ್ ಫೈಲ್, ಪಿಡಿಎಫ್ ಪುಸ್ತಕ, ಆನ್‌ಲೈನ್ ಕ್ಲಾಸು, ಸಿಇಟಿ ಅರ್ಜಿ.

4. ಉಳಿದದ್ದು: ವಾಟ್ಸಾಪ್, ಯೂಟ್ಯೂಬ್, ಸುದ್ದಿ, ಹಾಡು.

ಮೇಜಿಗೆ ಹೆಸರೂ ಇಡಬಹುದು. ಟಾಸ್ಕ್ ವ್ಯೂ ತೆರೆದು ‘ಡೆಸ್ಕ್‌ಟಾಪ್ 1’ ಅಂತ ಇರೋ ಕಡೆ ಕ್ಲಿಕ್ ಮಾಡಿ, ‘ಅಂಗಡಿ’ ಅಂತ ಟೈಪ್ ಮಾಡಿ. ಕನ್ನಡದಲ್ಲೇ ಬರೆದ್ರೂ ನಡೆಯುತ್ತೆ, ಆದರೆ ಯೂನಿಕೋಡ್‌ನಲ್ಲಿ ಬರೆಯಬೇಕು. ಹಳೇ ನುಡಿ ಫಾಂಟ್‌ನ ವಿಧಾನದಲ್ಲಿ ಟೈಪ್ ಮಾಡಿದ್ರೆ ಅರ್ಥವಾಗದ ಇಂಗ್ಲಿಷ್ ಅಕ್ಷರ, ಗುರುತುಗಳು ಬಂದು ಕೂರುತ್ತವೆ.

ವಿಂಡೋಸ್ 11 ಇದ್ದವರಿಗೆ ಇನ್ನೂ ಒಂದು ಅನುಕೂಲ. ಒಂದೊಂದು ಮೇಜಿಗೆ ಒಂದೊಂದು ಹಿನ್ನೆಲೆ ಚಿತ್ರ ಹಾಕಬಹುದು. ಟಾಸ್ಕ್ ವ್ಯೂನಲ್ಲಿ ಮೇಜಿನ ಚಿಕ್ಕ ಚಿತ್ರದ ಮೇಲೆ ಮೌಸ್‌ನ ಬಲ ಬಟನ್ ಒತ್ತಿ ‘ಚೂಸ್ ಬ್ಯಾಕ್‌ಗ್ರೌಂಡ್’ ಆರಿಸಿ. ಅಂಗಡಿ ಮೇಜಿಗೆ ಅಂಗಡಿ ಬೋರ್ಡಿನ ಫೋಟೋ, ಬ್ಯಾಂಕ್ ಮೇಜಿಗೆ ಕೆಂಪು ಬಣ್ಣ ಅಂತ ಇಟ್ಕೊಂಡ್ರೆ ಎಲ್ಲಿದ್ದೀವಿ ಅಂತ ಕಣ್ಣಿಗೇ ಗೊತ್ತಾಗುತ್ತೆ. ಕೆಂಪು ಕಂಡ್ರೆ ಕೈ ತಾನಾಗೇ ನಿಧಾನ ಆಗುತ್ತೆ. ವಿಂಡೋಸ್ 10ರಲ್ಲಿ ಎಲ್ಲ ಮೇಜಿಗೂ ಒಂದೇ ಚಿತ್ರ.

ಒಂದು ಮೇಜಿಂದ ಇನ್ನೊಂದಕ್ಕೆ

ಅಂಗಡಿ ಮೇಜಿನಲ್ಲಿ ಮಗಳ ಫೈಲ್ ತೆರೆದುಹೋಗಿದ್ರೆ ಅದನ್ನ ಮುಚ್ಚೋದು ಬೇಡ, ಎತ್ತಿ ಅವಳ ಮೇಜಿಗೆ ಇಡಿ. ಟಾಸ್ಕ್ ವ್ಯೂ ತೆರೆದು ಆ ಫೈಲಿನ ಚಿತ್ರವನ್ನ ಮೌಸ್‌ನಲ್ಲಿ ಹಿಡಿದು ‘ಓದು’ ಮೇಜಿನ ಮೇಲೆ ಬಿಡಿ. ಅಥವಾ ಅದರ ಮೇಲೆ ಬಲ ಬಟನ್ ಒತ್ತಿ ‘ಮೂವ್ ಟು’ ಅಂತ ಆರಿಸಿ. ಫೈಲ್ ಸೇವ್ ಆಗಿರಲಿ, ಆಗದೇ ಇರಲಿ, ಹೇಗಿತ್ತೋ ಹಾಗೇ ಅಲ್ಲಿ ಹೋಗಿ ಕೂರುತ್ತೆ.

ಶುರುವಿನಲ್ಲಿ ಹೇಳಿದ ಮನೆಯಲ್ಲಿ ಆ ರಾತ್ರಿ ಮಾಡಬೇಕಿದ್ದ ಕೆಲಸ ಇದೇ. ಕ್ಲೋಸ್ ಒತ್ತೋ ಬದಲು ವಿಂಡೋಸ್, ಕಂಟ್ರೋಲ್, ಡಿ ಒತ್ತಿ ಹೊಸ ಮೇಜಿನಲ್ಲಿ ಟ್ಯಾಲಿ ತೆರೆದಿದ್ರೆ ಮಗಳ ಮೂರು ಗಂಟೆ ಉಳೀತಿತ್ತು. ಮನೆಯವರೆಲ್ಲ ಒಪ್ಪಿಕೊಳ್ಳಬೇಕಾದ ನಿಯಮ ಒಂದೇ: ನೀವು ತೆರೆಯದ್ದನ್ನ ನೀವು ಮುಚ್ಚಬೇಡಿ, ಮೇಜು ಬದಲಿಸಿ.

ಕ್ಯಾಲ್ಕುಲೇಟರ್ ಥರದ್ದು ಎಲ್ಲ ಮೇಜಿನ ಮೇಲೂ ಬೇಕು ಅನ್ನಿಸಿದ್ರೆ, ಟಾಸ್ಕ್ ವ್ಯೂನಲ್ಲಿ ಅದರ ಮೇಲೆ ಬಲ ಬಟನ್ ಒತ್ತಿ ‘ಶೋ ದಿಸ್ ವಿಂಡೋ ಆನ್ ಆಲ್ ಡೆಸ್ಕ್‌ಟಾಪ್ಸ್’ ಅಂತ ಕೊಡಿ. ಎಲ್ಲಿಗೆ ಹೋದ್ರೂ ಜೊತೆಗೇ ಬರುತ್ತೆ.

ಕಾಪಿ, ಪೇಸ್ಟ್ ಕೂಡ ಮೇಜಿಂದ ಮೇಜಿಗೆ ನಡೆಯುತ್ತೆ. ಟ್ಯಾಲಿಯಲ್ಲಿ ಒಟ್ಟು ಮೊತ್ತ ನೋಡಿ ಕಾಪಿ ಮಾಡಿ, ಬಲ ಬಾಣ ಒತ್ತಿ ಪೋರ್ಟಲ್‌ಗೆ ಹೋಗಿ ಪೇಸ್ಟ್ ಮಾಡಬಹುದು. ಎರಡನ್ನೂ ಅಕ್ಕಪಕ್ಕ ಇಟ್ಟು ತಾಳೆ ನೋಡಬೇಕು ಅಂದ್ರೆ ಮಾತ್ರ ಎರಡೂ ಒಂದೇ ಮೇಜಿಗೆ ತನ್ನಿ. ಆಮೇಲೆ ಒಂದರ ಮೇಲೆ ಕ್ಲಿಕ್ ಮಾಡಿ ವಿಂಡೋಸ್ ಕೀ ಜೊತೆ ಎಡ ಬಾಣ, ಇನ್ನೊಂದಕ್ಕೆ ವಿಂಡೋಸ್ ಕೀ ಜೊತೆ ಬಲ ಬಾಣ ಒತ್ತಿ. ಸ್ಕ್ರೀನ್ ಅರ್ಧ ಅರ್ಧ ಹಂಚಿಕೆ ಆಗುತ್ತೆ. ಇಲ್ಲಿ ಕಂಟ್ರೋಲ್ ಕೀ ಬೇಡ.

ಮೇಜು ಸಾಕು ಅನ್ನಿಸಿದ್ರೆ ವಿಂಡೋಸ್, ಕಂಟ್ರೋಲ್, ಎಫ್4 ಒತ್ತಿ. ಮೇಜು ಹೋಗುತ್ತೆ, ಅದರ ಮೇಲಿದ್ದ ಫೈಲುಗಳು ಪಕ್ಕದ ಮೇಜಿಗೆ ಹೋಗಿ ಕೂರುತ್ತವೆ. ಮಗ ಆಟ ಆಡ್ತಾ ತಪ್ಪಿ ಒತ್ತಿದ್ರೂ ಅಪ್ಪನ ಬಿಲ್ಲು ಹಾಳಾಗಲ್ಲ. ಆದರೆ ಕಂಟ್ರೋಲ್ ಬದಲು ಆಲ್ಟ್ ಮತ್ತು ಎಫ್4 ಒತ್ತಿದ್ರೆ ಎದುರಿಗಿರೋ ಪ್ರೋಗ್ರಾಮೇ ಮುಚ್ಚುತ್ತೆ. ಈ ಎರಡನ್ನ ಅದಲು ಬದಲು ಮಾಡ್ಕೋಬೇಡಿ.

ಸೆಟ್ಟಿಂಗ್‌ನಲ್ಲಿ ನೋಡಬೇಕಾದ ಎರಡು ಕಡೆ

ಮೇಜು ಬೇರೆ ಮಾಡಿದ ಮೇಲೂ ಕೆಳಗಿನ ಪಟ್ಟಿಯಲ್ಲಿ ಎಲ್ಲರ ಪ್ರೋಗ್ರಾಂ ಕಾಣ್ತಿದ್ರೆ ಮಾಡಿದ್ದು ದಂಡ. ಸೆಟ್ಟಿಂಗ್ಸ್ ತೆರೆದು ಸಿಸ್ಟಮ್, ಅಲ್ಲಿಂದ ಮಲ್ಟಿಟಾಸ್ಕಿಂಗ್‌ಗೆ ಹೋಗಿ. ಡೆಸ್ಕ್‌ಟಾಪ್ಸ್ ಅನ್ನೋ ಕಡೆ ಎರಡು ಪ್ರಶ್ನೆ ಇರುತ್ತೆ. ಟಾಸ್ಕ್‌ಬಾರ್‌ನಲ್ಲಿ ಯಾವ ವಿಂಡೋಗಳನ್ನ ತೋರಿಸಬೇಕು ಅನ್ನೋದು ಒಂದು, ಆಲ್ಟ್ ಮತ್ತು ಟ್ಯಾಬ್ ಒತ್ತಿದಾಗ ಯಾವುದು ಬರಬೇಕು ಅನ್ನೋದು ಇನ್ನೊಂದು. ಎರಡಕ್ಕೂ ‘ಈಗ ಬಳಸುತ್ತಿರುವ ಡೆಸ್ಕ್‌ಟಾಪ್ ಮಾತ್ರ’ ಅನ್ನೋ ಅರ್ಥದ ಆಯ್ಕೆ ಇದೆ, ಅದನ್ನೇ ಇಡಿ. ಆಗ ಅಂಗಡಿ ಮೇಜಿನಲ್ಲಿ ಇದ್ದಾಗ ಅಂಗಡಿ ಕೆಲಸ ಮಾತ್ರ ಕಾಣುತ್ತೆ.

ಟಾಸ್ಕ್ ವ್ಯೂ ಗುರುತು ಕೆಳಗಿನ ಪಟ್ಟಿಯಲ್ಲಿ ಇಲ್ಲ ಅಂದ್ರೆ ಪಟ್ಟಿಯ ಖಾಲಿ ಜಾಗದಲ್ಲಿ ಬಲ ಬಟನ್ ಒತ್ತಿ. ವಿಂಡೋಸ್ 10ರಲ್ಲಿ ಅಲ್ಲೇ ಟಾಸ್ಕ್ ವ್ಯೂ ಬಟನ್ ತೋರಿಸೋ ಆಯ್ಕೆ ಸಿಗುತ್ತೆ. ವಿಂಡೋಸ್ 11ರಲ್ಲಿ ಟಾಸ್ಕ್‌ಬಾರ್ ಸೆಟ್ಟಿಂಗ್ಸ್ ಒಳಗೆ ಹೋಗಿ ಆನ್ ಮಾಡಬೇಕು. ಕೀಬೋರ್ಡ್ ಶಾರ್ಟ್‌ಕಟ್ ನೆನಪಿರದ ಹಿರಿಯರಿಗೆ ಈ ಗುರುತು ಕಣ್ಣೆದುರು ಇರೋದೇ ಒಳ್ಳೇದು.

ಮೊದಲ ವಾರ ಬರೋ ಗೊಂದಲಗಳು

ಹಾಡು ನಿಲ್ಲಲ್ಲ: ಯೂಟ್ಯೂಬ್ ಇರೋ ಮೇಜಿಂದ ಬೇರೆ ಮೇಜಿಗೆ ಬಂದ್ರೂ ಹಾಡು ಓಡ್ತಾನೇ ಇರುತ್ತೆ. ವಿಡಿಯೋ ಕಾಣಲ್ಲ, ಸದ್ದು ಕೇಳುತ್ತೆ. ಆನ್‌ಲೈನ್ ಕ್ಲಾಸಿನ ಕ್ಯಾಮೆರಾ, ಮೈಕ್ ಕೂಡ ಹಾಗೇ. ಮೇಜು ಬದಲಿಸಿದ್ರೆ ಮೈಕ್ ಆಫ್ ಆಗಲ್ಲ. ಮನೆ ಮಾತೆಲ್ಲ ಟೀಚರ್ ಕಿವಿಗೆ ಬೀಳುತ್ತೆ.

ಐಕಾನ್ ಎಲ್ಲ ಕಡೆ ಒಂದೇ: ಸ್ಕ್ರೀನ್ ಮೇಲೆ ಇಟ್ಟಿರೋ ಫೈಲು, ಫೋಲ್ಡರ್ ಗುರುತುಗಳು ಎಲ್ಲ ಮೇಜಿನಲ್ಲೂ ಕಾಣ್ತವೆ. ಓದು ಮೇಜಿನಲ್ಲಿ ನಿಂತು ಅಂಗಡಿಯ ಫೈಲ್ ಡಿಲೀಟ್ ಮಾಡಿದ್ರೆ ಅದು ಎಲ್ಲ ಕಡೆಯಿಂದಲೂ ಹೋಯ್ತು ಅಂತಲೇ ಅರ್ಥ. ಬೇರೆ ಆಗೋದು ತೆರೆದಿರೋ ವಿಂಡೋಗಳು ಮಾತ್ರ, ಫೈಲುಗಳಲ್ಲ.

ತಾನಾಗೇ ಬೇರೆ ಮೇಜಿಗೆ ಹಾರುತ್ತೆ: ವಾಟ್ಸಾಪ್ ಥರ ಒಂದೇ ವಿಂಡೋ ಇರೋ ಪ್ರೋಗ್ರಾಂ ನಾಲ್ಕನೇ ಮೇಜಿನಲ್ಲಿ ತೆರೆದಿದ್ರೆ, ಮೊದಲ ಮೇಜಿನಿಂದ ಅದರ ಗುರುತು ಒತ್ತಿದಾಗ ಸಾಮಾನ್ಯವಾಗಿ ಕಂಪ್ಯೂಟರ್ ನಿಮ್ಮನ್ನ ನಾಲ್ಕನೇ ಮೇಜಿಗೇ ಕರ್ಕೊಂಡು ಹೋಗುತ್ತೆ. ಕೆಟ್ಟಿದೆ ಅಂತ ಅಲ್ಲ. ಎಡ ಬಾಣ ಒತ್ತಿ ವಾಪಸ್ ಬನ್ನಿ.

ಆಫ್ ಮಾಡಿದ್ರೆ ಖಾಲಿ: ಕಂಪ್ಯೂಟರ್ ಶಟ್‌ಡೌನ್ ಮಾಡಿ ಮತ್ತೆ ಹಾಕಿದ್ರೆ ಮೇಜುಗಳು, ಹೆಸರುಗಳು ಇರ್ತವೆ. ಆದರೆ ಅದರ ಮೇಲಿದ್ದ ಪ್ರೋಗ್ರಾಂಗಳನ್ನ ನೀವೇ ಮತ್ತೆ ತೆರೆದು ಜೋಡಿಸಬೇಕು. ಸೇವ್ ಮಾಡದ ಕೆಲಸಕ್ಕೆ ಇದು ಕಾವಲಲ್ಲ. ಕರೆಂಟ್ ಹೋಗಿ ಯುಪಿಎಸ್ ಇಲ್ಲ ಅಂದ್ರೆ ನಾಲ್ಕೂ ಮೇಜು ಒಟ್ಟಿಗೇ ಬೋರಲು. ಮೇಜು ಬದಲಿಸೋ ಮುಂಚೆ ಕಂಟ್ರೋಲ್ ಮತ್ತು ಎಸ್ ಒತ್ತಿ ಸೇವ್ ಮಾಡೋ ಅಭ್ಯಾಸ ಮನೆಮಂದಿಗೆಲ್ಲ ಬರಬೇಕು. ಟ್ಯಾಲಿಯಲ್ಲಿ ಅರ್ಧ ಬರೆದ ವೋಚರ್ ಇದ್ರೆ ಪೂರ್ತಿ ಮಾಡಿ ಒಪ್ಪಿಸಿಯೇ ಏಳಿ.

ಪೋರ್ಟಲ್ ಕಾಯಲ್ಲ: ಜಿಎಸ್‌ಟಿ ಪೋರ್ಟಲ್, ಬ್ಯಾಂಕ್ ವೆಬ್‌ಸೈಟ್‌ಗಳು ಸ್ವಲ್ಪ ಹೊತ್ತು ಮುಟ್ಟದಿದ್ರೆ ತಾವಾಗೇ ಲಾಗೌಟ್ ಆಗ್ತವೆ. ಎರಡನೇ ಮೇಜಿನಲ್ಲಿ ರಿಟರ್ನ್ ಅರ್ಧ ತುಂಬಿ, ನಾಲ್ಕನೇ ಮೇಜಿಗೆ ಹೋಗಿ ಕ್ರಿಕೆಟ್ ನೋಡಿ ಬಂದ್ರೆ ಮತ್ತೆ ಮೊದಲಿಂದ ಶುರು. ಪೋರ್ಟಲ್‌ನಲ್ಲಿರೋ ಸೇವ್ ಬಟನ್ ಆಗಾಗ ಒತ್ತಿ. ದಿನ ತಪ್ಪಿದ್ರೆ ತೆರಿಗೆ ಇರೋ 3ಬಿ ರಿಟರ್ನ್‌ಗೆ ದಿನಕ್ಕೆ 50 ರೂಪಾಯಿ, ತೆರಿಗೆ ಇಲ್ಲದ ನಿಲ್ ರಿಟರ್ನ್‌ಗೆ ದಿನಕ್ಕೆ 20 ರೂಪಾಯಿ ಲೇಟ್ ಫೀ ಬೀಳುತ್ತೆ. ಕಟ್ಟಬೇಕಾದ ತೆರಿಗೆ ಬಾಕಿ ಉಳಿದ್ರೆ ಬಡ್ಡಿ ಬೇರೆ.

ಮೇಜು ಇದೆ, ಬೀಗ ಇಲ್ಲ

ಜಾಸ್ತಿ ಜನ ಎಡವೋದು ಇಲ್ಲೇ. ಬ್ಯಾಂಕ್ ಮೇಜು ಬೇರೆ ಮಾಡಿದ್ದೀನಿ, ಮಕ್ಕಳಿಗೆ ಕಾಣಲ್ಲ, ಸೇಫ್ ಅಂತ ಅಂದುಕೊಳ್ಳಬೇಡಿ. ಬಾಣದ ಕೀ ಒಂದು ಸಲ ಒತ್ತಿದ್ರೆ ಯಾರು ಬೇಕಾದ್ರೂ ಆ ಮೇಜಿಗೆ ಬರಬಹುದು. ಪಾಸ್‌ವರ್ಡ್ ಕೇಳಲ್ಲ. ನಾಲ್ಕು ಮೇಜು ಇದ್ರೂ ಕೋಣೆ ಒಂದೇ, ಬಾಗಿಲೂ ಒಂದೇ. ಒಳಗೆ ಬಂದವರಿಗೆ ಎಲ್ಲ ಮೇಜೂ ಸಿಗುತ್ತೆ.

ಮನೆಯಲ್ಲೇ ಸಣ್ಣದಾಗಿ ಆನ್‌ಲೈನ್ ಅರ್ಜಿ, ಜೆರಾಕ್ಸ್ ಕೆಲಸ ಮಾಡೋರು ಇದನ್ನ ಇನ್ನೂ ಗಮನಿಸಬೇಕು. ಗಿರಾಕಿಯ ಆಧಾರ್ ಕಾರ್ಡ್, ಜಾತಿ ಆದಾಯ ಪ್ರಮಾಣಪತ್ರ, ಪಾಸ್‌ಬುಕ್ ಪುಟ ಸ್ಕ್ರೀನ್ ಮೇಲಿಂದ ಮರೆಯಾದ್ರೂ ಡೌನ್‌ಲೋಡ್ಸ್ ಫೋಲ್ಡರ್‌ನಲ್ಲಿ ಇದ್ದೇ ಇರುತ್ತೆ. ಯಾವ ಮೇಜಿಂದ ತೆರೆದ್ರೂ ಫೋಲ್ಡರ್ ಅದೇ. ಒಬ್ಬರ ಅರ್ಜಿಗೆ ಇನ್ನೊಬ್ಬರ ಆಧಾರ್ ಅಪ್‌ಲೋಡ್ ಆಗೋದು ಈ ಫೋಲ್ಡರ್ ರಾಶಿಯಿಂದಲೇ. ಗಿರಾಕಿಗೊಂದು ಫೋಲ್ಡರ್ ಮಾಡಿ, ಕೆಲಸ ಮುಗಿದ ಮೇಲೆ ಅಳಿಸಿ, ರೀಸೈಕಲ್ ಬಿನ್ ಕೂಡ ಖಾಲಿ ಮಾಡಿ. ಎಲ್ಲಿ ನಡೆಯುತ್ತೋ ಅಲ್ಲಿ ಕೊನೇ 4 ಅಂಕಿ ಮಾತ್ರ ಕಾಣೋ ಮಾಸ್ಕ್ಡ್ ಆಧಾರ್ ತರೋಕೆ ಹೇಳಿ.

ನಿಜವಾದ ಬೀಗ ಬೇಕು ಅಂದ್ರೆ ಬೇರೆ ಯೂಸರ್ ಅಕೌಂಟ್ ಮಾಡಬೇಕು. ಸೆಟ್ಟಿಂಗ್ಸ್‌ನಲ್ಲಿ ಅಕೌಂಟ್ಸ್‌ಗೆ ಹೋದ್ರೆ ಇನ್ನೊಬ್ಬ ಬಳಕೆದಾರರನ್ನ ಸೇರಿಸೋ ಜಾಗ ಇದೆ. ಮಕ್ಕಳಿಗೆ ಒಂದು ಅಕೌಂಟ್ ಮಾಡಿ, ಅದನ್ನ ಅಡ್ಮಿನಿಸ್ಟ್ರೇಟರ್ ಮಾಡದೆ ಸ್ಟ್ಯಾಂಡರ್ಡ್ ಆಗಿಯೇ ಇಡಿ. ನಿಮ್ಮ ಅಕೌಂಟ್‌ಗೆ ಪಾಸ್‌ವರ್ಡ್ ಅಥವಾ ಪಿನ್ ಹಾಕಿ. ಆಗ ನಿಮ್ಮ ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್ ಬೇರೆ, ಅವರದ್ದು ಬೇರೆ. ಎದ್ದು ಹೋಗುವಾಗ ವಿಂಡೋಸ್ ಕೀ ಜೊತೆ ಎಲ್ ಒತ್ತಿದ್ರೆ ಸ್ಕ್ರೀನ್ ಲಾಕ್ ಆಗುತ್ತೆ. ಬಾಗಿಲಿಗೆ ಯಾರೋ ಬಂದ್ರು, ಕುಕ್ಕರ್ ಕೂಗ್ತು ಅಂತ ಏಳುವಾಗಲೂ ಈ ಎರಡು ಕೀ ಒತ್ತಿಯೇ ಏಳಿ.

ಸರಳವಾಗಿ ಹೇಳೋದಾದ್ರೆ: ಒಬ್ಬರ ಬೇರೆ ಬೇರೆ ಕೆಲಸಕ್ಕೆ ಬೇರೆ ಬೇರೆ ಮೇಜು, ಬೇರೆ ಬೇರೆ ಜನಕ್ಕೆ ಬೇರೆ ಬೇರೆ ಅಕೌಂಟ್. ಮನೆಮಂದಿ ನಂಬಿಕೆ ಮೇಲೆ ಒಂದೇ ಅಕೌಂಟ್ ಬಳಸ್ತೀವಿ ಅಂದ್ರೂ ಅಡ್ಡಿಯಿಲ್ಲ. ಆದರೆ ನೆಟ್ ಬ್ಯಾಂಕಿಂಗ್ ತೆರೆದಿಟ್ಟು ಏಳಬೇಡಿ, ಬ್ರೌಸರ್‌ನಲ್ಲಿ ಬ್ಯಾಂಕ್ ಪಾಸ್‌ವರ್ಡ್ ಸೇವ್ ಮಾಡಬೇಡಿ.

ಇನ್ನೊಂದು ಮಾತು. ‘ಬ್ಯಾಂಕಿಂದ ಮಾತಾಡ್ತಿದೀವಿ, ಈ ಆ್ಯಪ್ ಹಾಕ್ಕೊಳ್ಳಿ, ನಾವೇ ಸರಿ ಮಾಡ್ತೀವಿ’ ಅಂತ ಫೋನ್ ಮಾಡಿ ದೂರದಿಂದ ಕಂಪ್ಯೂಟರ್ ಕೈಗೆ ತಗೊಳ್ಳೋ ವಂಚಕರಿಗೆ ನಿಮ್ಮ ನಾಲ್ಕೂ ಮೇಜು ಸಿಗುತ್ತೆ. ಬ್ಯಾಂಕ್ ಪಕ್ಕದ ಮೇಜಿನಲ್ಲಿದೆ ಅನ್ನೋದು ಅವರಿಗೆ ಅಡ್ಡಿಯೇ ಅಲ್ಲ. ಅಂಥ ಕರೆ ಕಟ್ ಮಾಡಿ. ದುಡ್ಡು ಹೋಗಿಬಿಟ್ಟಿದ್ರೆ ತಡ ಮಾಡದೆ ಸೈಬರ್ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಎರಡು ಅಂಗಡಿ, ಎರಡು ಜಿಎಸ್‌ಟಿ ಇದ್ದವರಿಗೆ

ತನ್ನದೊಂದು ಅಂಗಡಿ, ತಮ್ಮನದ್ದೊಂದು ಅಂಗಡಿ, ಎರಡರ ರಿಟರ್ನ್ ಹಾಕೋದೂ ಒಬ್ಬರೇ ಅನ್ನೋದು ಸಾಮಾನ್ಯ. ಎರಡು ಮೇಜು ಹಾಕಿ ಒಂದರಲ್ಲಿ ತನ್ನ ಜಿಎಸ್‌ಟಿ, ಇನ್ನೊಂದರಲ್ಲಿ ತಮ್ಮನ ಜಿಎಸ್‌ಟಿ ಲಾಗಿನ್ ಆಗೋಣ ಅಂತ ಅನ್ನಿಸಬಹುದು. ಮೇಜು ಬೇರೆ ಆದ್ರೂ ಬ್ರೌಸರ್ ಒಂದೇ ಆಗಿರೋದ್ರಿಂದ ಲಾಗಿನ್ ಕೂಡ ಎರಡಕ್ಕೂ ಒಂದೇ. ಒಂದು ಕಡೆ ತಮ್ಮನ ಲಾಗಿನ್ ಮಾಡಿದ್ರೆ ಇನ್ನೊಂದು ಕಡೆ ನಿಮ್ಮ ಲಾಗಿನ್ ಬಿದ್ದುಹೋಗುತ್ತೆ. ನೋಡದೆ ಮುಂದುವರಿದ್ರೆ ಒಬ್ಬರ ಅಂಕಿ ಇನ್ನೊಬ್ಬರ ಖಾತೆಗೆ ತುಂಬೋ ಅಪಾಯ ಇದೆ. ಒಮ್ಮೆ ಫೈಲ್ ಮಾಡಿದ 3ಬಿ ರಿಟರ್ನನ್ನ ವಾಪಸ್ ತಗೊಂಡು ತಿದ್ದೋಕೆ ಆಗಲ್ಲ.

ಇದಕ್ಕೆ ಪರಿಹಾರ ಬ್ರೌಸರ್ ಪ್ರೊಫೈಲ್. ಕ್ರೋಮ್, ಎಡ್ಜ್ ಎರಡರಲ್ಲೂ ಪ್ರೊಫೈಲ್ ಗುರುತು ಒತ್ತಿ ಹೊಸ ಪ್ರೊಫೈಲ್ ಮಾಡಬಹುದು. ಒಂದಕ್ಕೆ ನಿಮ್ಮ ಅಂಗಡಿ ಹೆಸರು, ಇನ್ನೊಂದಕ್ಕೆ ತಮ್ಮನ ಅಂಗಡಿ ಹೆಸರು ಇಡಿ. ಪ್ರೊಫೈಲ್ ಬೇರೆ ಆದ್ರೆ ಲಾಗಿನ್ ಬೇರೆ. ಆಮೇಲೆ ಒಂದೊಂದು ಪ್ರೊಫೈಲನ್ನ ಒಂದೊಂದು ಮೇಜಿಗೆ ಹಾಕಿ. ಅಷ್ಟಾದ ಮೇಲೂ ಸಬ್ಮಿಟ್ ಒತ್ತೋ ಮುಂಚೆ ಪೋರ್ಟಲ್‌ನಲ್ಲಿ ಕಾಣೋ ಅಂಗಡಿ ಹೆಸರು, ಜಿಎಸ್‌ಟಿ ನಂಬರ್ ಒಂದು ಸಲ ಓದಿ.

ಕಂಪ್ಯೂಟರ್ ನಿಧಾನ ಆಗುತ್ತಾ?

ಮೇಜು ಹಾಕಿದ ಮಾತ್ರಕ್ಕೆ ನಿಧಾನ ಆಗಲ್ಲ. ಆದರೆ ಮೇಜು ಇದೆ ಅಂತ ಹತ್ತು ಪ್ರೋಗ್ರಾಂ ತೆರೆದಿಟ್ಟರೆ ಆಗೇ ಆಗುತ್ತೆ. ಕಣ್ಣಿಗೆ ಕಾಣದ ಮೇಜಿನ ಮೇಲಿರೋದೂ ಅದೇ ರ‍್ಯಾಮ್ ತಿನ್ನುತ್ತೆ. 4 ಜಿಬಿ ರ‍್ಯಾಮ್ ಇರೋ ಮೆಷಿನ್‌ನಲ್ಲಿ ಟ್ಯಾಲಿ, ಹತ್ತು ಟ್ಯಾಬ್ ಇರೋ ಕ್ರೋಮ್, ಮೇಲೊಂದು ಯೂಟ್ಯೂಬ್ ಅಂದ್ರೆ ಉಸಿರು ಕಟ್ಟುತ್ತೆ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒತ್ತಿದ್ರೆ ಟಾಸ್ಕ್ ಮ್ಯಾನೇಜರ್ ಬರುತ್ತೆ, ಯಾರು ಎಷ್ಟು ತಿಂತಿದ್ದಾರೆ ಅಂತ ಮೆಮೊರಿ ಕಾಲಂನಲ್ಲಿ ನೋಡಬಹುದು. ದಿನಕ್ಕೊಮ್ಮೆ ನಾಲ್ಕೂ ಮೇಜು ಸುತ್ತಿ ಬೇಡದ್ದನ್ನ ಮುಚ್ಚಿ.

ಹಳೇ ಮೆಷಿನ್ ಇದ್ದವರು

ವಿಂಡೋಸ್ 7ರಲ್ಲಿ ಈ ಸೌಲಭ್ಯ ಒಳಗೇ ಇಲ್ಲ. ಅದಕ್ಕಿಂತ ದೊಡ್ಡ ವಿಷಯ, ಅದಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ 2020ರ ಜನವರಿ 14ಕ್ಕೇ ನಿಂತಿದೆ. ಅದರ ಮೇಲೆ ಬ್ಯಾಂಕ್ ಕೆಲಸ ಮಾಡದೇ ಇರೋದೇ ಲೇಸು. ವಿಂಡೋಸ್ 10ಕ್ಕೂ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಮೇಜುಗಳೇನೋ ಅದರಲ್ಲಿ ನಡೀತವೆ, ಆದರೆ ಸೆಕ್ಯುರಿಟಿ ಅಪ್‌ಡೇಟ್ ಬರ್ತಿದೆಯಾ ಅಂತ ನೋಡಿಕೊಳ್ಳಿ. ಮೆಷಿನ್ ತಡೆದುಕೊಳ್ಳುತ್ತೆ ಅಂದ್ರೆ ವಿಂಡೋಸ್ 11ಕ್ಕೆ ಹೋಗೋದು ಒಳ್ಳೇದು. ಹೋಗೋ ಮುಂಚೆ ಟ್ಯಾಲಿ ಡೇಟಾ ಪೆನ್‌ಡ್ರೈವ್‌ಗೆ ಬ್ಯಾಕಪ್ ತಗೊಳ್ಳಿ.

ಲೆಕ್ಕದ ಸಾಫ್ಟ್‌ವೇರ್ ಬೇಡ, ಮಕ್ಕಳ ಓದಿಗೆ ಮಾತ್ರ ಹಳೇ ಕಂಪ್ಯೂಟರ್ ಸಾಕು ಅನ್ನೋರು ಉಬುಂಟು, ಲಿನಕ್ಸ್ ಮಿಂಟ್ ಹಾಕಿಸಬಹುದು. ಎರಡೂ ಉಚಿತ. ಅಲ್ಲಿ ಇದಕ್ಕೆ ವರ್ಕ್‌ಸ್ಪೇಸ್ ಅಂತ ಹೆಸರು, ಕಂಟ್ರೋಲ್, ಆಲ್ಟ್ ಹಿಡಿದು ಬಾಣದ ಕೀ ಒತ್ತಿದ್ರೆ ಮೇಜು ಬದಲಾಗುತ್ತೆ. ಟ್ಯಾಲಿ ಮಾತ್ರ ವಿಂಡೋಸ್‌ಗಾಗಿ ಮಾಡಿದ ಸಾಫ್ಟ್‌ವೇರ್, ಅದನ್ನ ನಂಬಿಕೊಂಡವರು ವಿಂಡೋಸ್ ಬಿಡೋದು ಕಷ್ಟ.

ಕಂಪ್ಯೂಟರ್ ಪಕ್ಕ ಅಂಟಿಸಿಕೊಳ್ಳಿ

ಎಲ್ಲ ಮೇಜು ನೋಡೋಕೆ: ವಿಂಡೋಸ್ + ಟ್ಯಾಬ್
ಹೊಸ ಮೇಜು: ವಿಂಡೋಸ್ + ಕಂಟ್ರೋಲ್ + ಡಿ
ಪಕ್ಕದ ಮೇಜಿಗೆ: ವಿಂಡೋಸ್ + ಕಂಟ್ರೋಲ್ + ಎಡ ಅಥವಾ ಬಲ ಬಾಣ
ಮೇಜು ತೆಗೆಯೋಕೆ: ವಿಂಡೋಸ್ + ಕಂಟ್ರೋಲ್ + ಎಫ್4
ಸೇವ್ ಮಾಡೋಕೆ: ಕಂಟ್ರೋಲ್ + ಎಸ್
ಎದ್ದು ಹೋಗುವಾಗ ಲಾಕ್: ವಿಂಡೋಸ್ + ಎಲ್

ಇದನ್ನೆಲ್ಲ 19ನೇ ತಾರೀಕು ರಾತ್ರಿ ಕಲಿಯೋಕೆ ಕೂರಬೇಡಿ. ಅಂಗಡಿ ರಜೆ ಇರೋ ದಿನ ಮಕ್ಕಳನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಹದಿನೈದು ನಿಮಿಷ ಮಾಡಿ ನೋಡಿ. ಮೊದಲು ಎರಡೇ ಮೇಜು ಸಾಕು, ಅಂಗಡಿಗೊಂದು, ಓದಿಗೊಂದು. ಅದು ಕೈಗೆ ಹತ್ತಿದ ಮೇಲೆ ಮೂರನೇದು, ನಾಲ್ಕನೇದು ಹಾಕಿಕೊಳ್ಳಿ. ಯಾವ ಮೇಜು ಯಾರದ್ದು ಅನ್ನೋದನ್ನ ಮಾತ್ರ ಅವತ್ತೇ ಮನೆಯವರೆಲ್ಲ ಕೂತು ತೀರ್ಮಾನ ಮಾಡಿ.